ಬಾ ಅಟಾಲ್‌ನಲ್ಲಿ ಎಲ್ಲಿ ಉಳಿಯೋದು: ಖಾಸಗಿ ದ್ವೀಪದ ರೆಸಾರ್ಟಾ, ಊರಿನ ಗೆಸ್ಟ್‌ಹೌಸಾ?

ಬಾ ಅಟಾಲ್ ಅಂದರೆ ಮಾಲ್ದೀವ್ಸ್‌ನಲ್ಲಿ ಬಳೆಯ ಹಾಗೆ ಹರಡಿರುವ ಹವಳದ ದ್ವೀಪಗಳ ಒಂದು ಗುಂಪು. ಅಲ್ಲಿ ನಾನು, ನನ್ನ ಹೆಂಡತಿ ಎರಡೂ ರೀತಿ ಉಳಿದು ನೋಡಿದ್ದೇವೆ. ಒಂದು, ಪರಿಸರಸ್ನೇಹಿ ಅಂತ ಹೆಸರು ಹೊತ್ತ ಐಷಾರಾಮಿ ರೆಸಾರ್ಟ್. ಇಡೀ ದ್ವೀಪವೇ ಅವರದ್ದು. ಇನ್ನೊಂದು, ಜನ ವಾಸವಿರುವ ಧರವಂಧೂ ದ್ವೀಪದ ಪುಟ್ಟ ಗೆಸ್ಟ್‌ಹೌಸ್. ಎರಡರ ಸುತ್ತಲೂ ಇರುವುದು ಒಂದೇ ಕಡಲು. ಈ ಅಟಾಲ್‌ಗೆ 2011ರಿಂದ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶ ಅನ್ನುವ ಮಾನ್ಯತೆ ಇದೆ. ಬಿಲ್ ವಿಷಯಕ್ಕೆ ಬಂದರೆ ಮಾತ್ರ ಅಜಗಜಾಂತರ.

ಮೊದಲು ತಲುಪುವ ಮಾತು. ರೆಸಾರ್ಟ್‌ಗೆ ಸೀಪ್ಲೇನ್‌ನಲ್ಲಿ, ಅಂದರೆ ನೀರಿನ ಮೇಲೇ ಇಳಿಯುವ ಪುಟ್ಟ ವಿಮಾನದಲ್ಲಿ ಹೋದೆವು. ಕೆಳಗೆ ತಿಳಿನೀಲಿ ಬಳೆಗಳ ಹಾಗೆ ಹವಳದ ದಿಬ್ಬಗಳು ಕಾಣುತ್ತವೆ. ಆ ನೋಟಕ್ಕೆ ಕೊಟ್ಟ ದುಡ್ಡು ವಸೂಲಿ ಅನ್ನಿಸಿತು. ಆದರೆ ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ನಿಮ್ಮ ವಿಮಾನ ಸಂಜೆ ಹೊತ್ತಿಗೆ ರಾಜಧಾನಿ ಮಾಲೆಗೆ ಬಂದರೆ ಆ ರಾತ್ರಿ ಅಲ್ಲೋ, ಪಕ್ಕದ ಹುಲ್ಹುಮಾಲೆಯಲ್ಲೋ ನಿಮ್ಮ ಖರ್ಚಲ್ಲೇ ಕಳೆಯಬೇಕು. ಲಗೇಜ್‌ಗೂ ಮಿತಿ ಇದೆ: 20 ಕೆ.ಜಿ., ಮೇಲೆ ಕೈಚೀಲಕ್ಕೆ 5. ಧರವಂಧೂಗೆ ಇಷ್ಟೆಲ್ಲ ರಗಳೆ ಇಲ್ಲ. ಅಲ್ಲೇ ಪುಟ್ಟ ವಿಮಾನ ನಿಲ್ದಾಣ ಇದೆ. ಮಾಲೆಯಿಂದ ಸುಮಾರು 20 ನಿಮಿಷ, ಅಷ್ಟೇ.

ರೆಸಾರ್ಟ್‌ನಲ್ಲಿ ನೀರಿನ ಮೇಲೆ ಕಟ್ಟಿದ ವಿಲ್ಲಾ ಬೇಡ ಅಂತಲೇ ನನ್ನ ಸಲಹೆ. ಫೋಟೋದಲ್ಲಿ ಚೆನ್ನ. ಅಲ್ಲಿ ಇದ್ದು ನೋಡಿದರೆ ಒಂದು ಮರದ ನೆರಳಿಲ್ಲ, ಮಧ್ಯಾಹ್ನ ಡೆಕ್ ಮೇಲೆ ಕಾಲಿಡೋಕಾಗಲ್ಲ, ದಿನವಿಡೀ ಏಸಿ ಓಡುತ್ತಲೇ ಇರುತ್ತದೆ. ದಡದ ವಿಲ್ಲಾಕ್ಕೆ ಬದಲಾಯಿಸಿಕೊಂಡ ಮೇಲೆಯೇ ಆ ದ್ವೀಪ ನಮಗೆ ಹಿಡಿಸಿತು. ಗಿಡಮರಗಳ ಮಧ್ಯೆ ಮನೆ, ಬಾಗಿಲಾಚೆ ಮರಳು, ಸಂಜೆ ಮೆಟ್ಟಿಲ ಮೇಲೆ ಶಂಖ ಹೊತ್ತು ಓಡಾಡುವ ಏಡಿಗಳು. ಇನ್ನೊಬ್ಬ ಅತಿಥಿಯ ಮುಖ ನೋಡದೆ ಇಡೀ ದಿನ ಕಳೆಯಬಹುದು. ಈ ನಿಶ್ಶಬ್ದ ಧರವಂಧೂನಲ್ಲಿ ಸಿಗಲ್ಲ. ಅಲ್ಲಿ ನಸುಕಿಗೇ ಮಸೀದಿಯ ಬಾಂಗ್ ಕೇಳುತ್ತದೆ, ಓಣಿಯಲ್ಲಿ ಬೈಕ್ ಓಡುತ್ತವೆ, ಸಂಜೆ ಮಕ್ಕಳು ಫುಟ್‌ಬಾಲ್ ಆಡುತ್ತಾರೆ. ನನಗೆ ಅದೇನೂ ಕಿರಿಕಿರಿ ಆಗಲಿಲ್ಲ. ಹೆಂಡತಿಗೆ ಆಯಿತು.

ಇನ್ನು ಪರಿಸರಸ್ನೇಹಿ ಅನ್ನುವ ವಿಷಯ. ರೆಸಾರ್ಟ್‌ನ ಸ್ವಾಗತದಲ್ಲಿ ಕೊಡುವ ಬಿದಿರಿನ ಸ್ಟ್ರಾ ನೋಡಿ ಏನೂ ಗೊತ್ತಾಗಲ್ಲ. ದ್ವೀಪದ ಹಿಂಭಾಗ ನೋಡಬೇಕು. ನಾವು ಕೇಳಿದೆವು, ಅವರು ಖುಷಿಯಿಂದಲೇ ತೋರಿಸಿದರು. ಕಡಲ ನೀರನ್ನು ಒತ್ತಡದಲ್ಲಿ ಸೋಸಿ ಸಿಹಿನೀರು ಮಾಡುವ ಯಂತ್ರ, ಪಕ್ಕದಲ್ಲೇ ಅದೇ ನೀರನ್ನು ಗಾಜಿನ ಬಾಟಲಿಗೆ ತುಂಬುವ ಕೋಣೆ. ಖಾಲಿ ಬಾಟಲಿ ತೊಳೆದು, ಬಿಸಿ ಮಾಡಿ, ಮತ್ತೆ ತುಂಬಿ ರೂಮಿಗೆ ಕಳಿಸುತ್ತಾರೆ. ಅಡುಗೆಮನೆಯ ಕಸ, ಒಣ ಎಲೆ ಸೇರಿಸಿದ ಗೊಬ್ಬರದ ರಾಶಿಯಿಂದ ಹಬೆ ಏಳುತ್ತಿತ್ತು. ಕೆಲಸದವನು ಉದ್ದನೆಯ ಕಬ್ಬಿಣದ ಥರ್ಮಾಮೀಟರ್ ಚುಚ್ಚಿ ಶಾಖ ನೋಡಿ, ಗೋಡೆಯ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಆ ಗೊಬ್ಬರವೇ ಅವರ ಸೊಪ್ಪಿನ ಮಡಿಗೆ. ಇದೆಲ್ಲ ಸುಳ್ಳಲ್ಲ. ಆದರೆ ಅದೇ ಹಿತ್ತಲಲ್ಲಿ ಡೀಸೆಲ್ ಜನರೇಟರ್ ಕೂಡ ಗುಡುಗುತ್ತಿತ್ತು. ಸೋಲಾರ್ ಹಗಲಿನ ಒಂದಿಷ್ಟು ಹೊರೆ ಹೊರುತ್ತದೆ, ರಾತ್ರಿಯ ಏಸಿಗೆಲ್ಲ ಡೀಸೆಲ್ಲೇ ಗತಿ. ಮೇಲೆ ಪ್ರತಿ ವಿಲ್ಲಾಕ್ಕೊಂದು ಈಜುಕೊಳ. ಕಡಲು ಹತ್ತು ಹೆಜ್ಜೆಯಲ್ಲಿದೆ ಅಲ್ವಾ, ಅದ್ಯಾಕೆ ಬೇಕೋ!

ಗೆಸ್ಟ್‌ಹೌಸ್‌ನಲ್ಲಿ ಇಂಥ ಮಾತೇ ಇಲ್ಲ. ಕೊಳ ಇಲ್ಲ, ಇದ್ದದ್ದು ಒಂದು ರೂಮಿಗೊಂದು ಏಸಿ. ತಲೆಗೆ ಲೆಕ್ಕ ಹಾಕಿದರೆ ನಾವು ಸುಟ್ಟ ಕರೆಂಟು ಇಲ್ಲೇ ಕಡಿಮೆ ಇದ್ದೀತು. ಆದರೆ ಕುಡಿಯುವ ನೀರು ಪ್ಲಾಸ್ಟಿಕ್ ಬಾಟಲಿಯಲ್ಲಿ ಬಂತು, ಪ್ರವಾಸಿಗರು ಹೋಗದ ಕಡೆಯ ದಡದಲ್ಲಿ ಅವೇ ಬಾಟಲಿಗಳು ಬಿದ್ದಿದ್ದವು. ಚಿಕ್ಕ ದ್ವೀಪಕ್ಕೆ ಕಸ ದೊಡ್ಡ ತಲೆನೋವು. ಅದನ್ನು ನಿಭಾಯಿಸೋಕೆ ದುಡ್ಡು ಬೇಕು, ದುಡ್ಡಿರುವುದು ರೆಸಾರ್ಟ್ ಹತ್ತಿರ. ಹಾಗಾಗಿ ಕಸದ ವಿಷಯದಲ್ಲಿ ರೆಸಾರ್ಟ್ ಗೆದ್ದಿತು, ಕರೆಂಟಿನಲ್ಲಿ ಗೆಸ್ಟ್‌ಹೌಸ್. ರೆಸಾರ್ಟ್ ಬುಕ್ ಮಾಡುವ ಮುಂಚೆ ಒಂದು ಮೇಲ್ ಹಾಕಿ: ರಾತ್ರಿ ಕರೆಂಟ್ ಎಲ್ಲಿಂದ, ಕೊಳಚೆ ನೀರು ಎಲ್ಲಿಗೆ, ಗೊಬ್ಬರವಾಗದ ಕಸ ಎಲ್ಲಿಗೆ? ಉತ್ತರ ನುಣುಚಿಕೊಂಡರೆ ಹೆಸರಲ್ಲಿ ಮಾತ್ರ ಹಸಿರು ಅಂತ ತಿಳಿಯಿರಿ.

ನಮ್ಮನ್ನು ಬಾ ಅಟಾಲ್‌ಗೆ ಎಳೆದದ್ದು ಮಾಂಟಾ ರೇ ಅನ್ನುವ ದೊಡ್ಡ ಚಪ್ಪಟೆ ಮೀನು. ಸುಮಾರು ಜೂನ್‌ನಿಂದ ನವೆಂಬರ್‌ವರೆಗೆ, ಮಳೆಗಾಲದ ಕಡಲ ಸೆಳೆತ ಪ್ಲಾಂಕ್ಟನ್ ಅನ್ನುವ ಸಣ್ಣ ಸಣ್ಣ ತೇಲುಜೀವಿಗಳನ್ನು ಇಲ್ಲಿನ ಹನಿಫಾರು ಕೊಲ್ಲಿಗೆ ತಂದು ತುಂಬುತ್ತದೆ. ಅದನ್ನು ತಿನ್ನೋಕೆ ಇವು ಗುಂಪುಗುಂಪಾಗಿ ಬರುತ್ತವೆ. ಅಲ್ಲಿ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾ ಇಲ್ಲ, ಕೊಳವೆಯಲ್ಲಿ ಉಸಿರಾಡುತ್ತ ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲ್ ಮಾತ್ರ. ಮಾರ್ಗದರ್ಶಿ ಜೊತೆಗಿರಬೇಕು, 45 ನಿಮಿಷ ಆದ ಮೇಲೆ ನೀರಿನಿಂದ ಹೊರಗೆ. ನೀವು ಎಲ್ಲಿ ಉಳಿದಿದ್ದರೂ ನಿಯಮ ಇದೇ. ಧರವಂಧೂನಿಂದ ಕೊಲ್ಲಿ ಕೂಗಳತೆ ದೂರ, ದೋಣಿ ಹತ್ತಿದ ಸ್ವಲ್ಪ ಹೊತ್ತಿಗೆಲ್ಲ ತಲುಪಿದೆವು. ಮಾಂಟಾ ಬಂದಿವೆ ಅಂತ ಫೋನ್ ಬಂದ ತಕ್ಷಣ ಹೊರಡಬಹುದು. ನಮ್ಮ ರೆಸಾರ್ಟ್‌ನಿಂದ ದಾರಿ ಉದ್ದ, ದೋಣಿಯ ಹೊತ್ತು ಹಿಂದಿನ ದಿನವೇ ನಿಗದಿ. ಸಾಲದ್ದಕ್ಕೆ ರೆಸಾರ್ಟ್‌ನ ಗಡಿಯಾರ ಮಾಲೆಗಿಂತ ಒಂದು ಗಂಟೆ ಮುಂದೆ! ಅತಿಥಿಗಳಿಗೆ ಸಂಜೆ ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ ಎಷ್ಟೋ ರೆಸಾರ್ಟ್‌ಗಳು ಹೀಗೆ ಮಾಡುತ್ತವೆ. ಅಲ್ಲಿಂದ ಹೋದಾಗ ಮಾಂಟಾ ಸಿಗಲಿಲ್ಲ. ಧರವಂಧೂನಿಂದ ಹೋದಾಗ ಸಿಕ್ಕವು. ಮೂರು ಮೀಟರ್ ಅಗಲದ್ದೊಂದು ಬಾಯಿ ತೆರೆದುಕೊಂಡು ನೇರ ನನ್ನ ಕಡೆ ಬಂತು, ಕೊನೆ ಗಳಿಗೆಯಲ್ಲಿ ಲಾಗ ಹಾಕಿ ಬಿಳಿ ಹೊಟ್ಟೆ ತೋರಿಸಿತು. ಆ ಹೊಟ್ಟೆಯ ಮೇಲಿನ ಕಪ್ಪು ಮಚ್ಚೆ ಒಂದೊಂದಕ್ಕೂ ಬೇರೆ. ಸಂಶೋಧಕರು ಗುರುತು ಹಿಡಿಯುವುದು ಅದರಿಂದಲೇ.

ದಡದಿಂದಲೇ ಇಳಿದು ಹವಳ ನೋಡೋಕೆ ನನಗೆ ರೆಸಾರ್ಟ್ ಮೇಲು ಅನ್ನಿಸಿತು. ಯಾವ ಹೊತ್ತಿಗಾದರೂ ಇಳಿಯಬಹುದು, ಜನರ ಗದ್ದಲ ಇಲ್ಲ. ಆದರೂ ಬಿಳುಚಿದ, ಸತ್ತ ಹವಳ ಎರಡೂ ಕಡೆ ಕಂಡಿತು. 1998 ಮತ್ತು 2016ರಲ್ಲಿ ಕಡಲು ಕಾದಾಗ ಮಾಲ್ದೀವ್ಸ್ ಉದ್ದಗಲಕ್ಕೂ ಹವಳ ಸತ್ತಿದೆ.

ದುಡ್ಡಿನ ಮಾತಲ್ಲಿ ಎಚ್ಚರ. ರೆಸಾರ್ಟ್‌ಗಳು ತೋರಿಸುವ ದರದ ಮೇಲೆ ಸಾಮಾನ್ಯವಾಗಿ 10% ಸೇವಾ ಶುಲ್ಕ, 17% ತೆರಿಗೆ ಬೀಳುತ್ತದೆ. ಹಸಿರು ತೆರಿಗೆ ಬೇರೆ: 2025ರಿಂದ ರೆಸಾರ್ಟ್‌ನಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಚಿಕ್ಕ ಗೆಸ್ಟ್‌ಹೌಸ್‌ನಲ್ಲಿ 6. ಊಟಕ್ಕೂ ದ್ವೀಪ ಬಿಟ್ಟು ಹೋಗೋಕಾಗಲ್ಲ, ಅವರು ಹೇಳಿದ್ದೇ ರೇಟು. ಧರವಂಧೂನಲ್ಲಿ ಬೆಳಗ್ಗೆ ಮಾಸ್ ಹುನಿ ಕೊಟ್ಟರು. ಟ್ಯೂನಾ ಮೀನು, ಕಾಯಿತುರಿ, ಈರುಳ್ಳಿ, ನಿಂಬೆರಸ ಕಲಸಿದ್ದು, ಜೊತೆಗೆ ರೋಶಿ ಅನ್ನುವ ತೆಳು ರೊಟ್ಟಿ. ರೆಸಾರ್ಟ್‌ನ ಬೆಳಗಿನ ತಿಂಡಿಯ ಸಾಲಿಗಿಂತ ನನಗೆ ಇದೇ ರುಚಿಸಿತು. ಧರವಂಧೂನಲ್ಲಿ ಮದ್ಯ ಸಿಗಲ್ಲ, ಈಜುಡುಗೆ ಪ್ರವಾಸಿಗರ ಬೀಚ್‌ನಲ್ಲಿ ಮಾತ್ರ, ಶುಕ್ರವಾರ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿರುತ್ತವೆ. ಇಷ್ಟಕ್ಕೆ ಒಗ್ಗಿಕೊಂಡರೆ ಆಯಿತು.

ಬರೀ ಕಡಲು ನೋಡೋಕೆ ಬರುವವರು ಕಣ್ಣುಮುಚ್ಚಿ ಧರವಂಧೂಗೆ ಹೋಗಿ. ಯಾರೂ ಮಾತಾಡಿಸದ ಜಾಗ ಬೇಕು ಅನ್ನುವವರಿಗೆ ರೆಸಾರ್ಟ್. ಎರಡೂ ಆಸೆ ಇದ್ದರೆ ಮೊದಲು ಧರವಂಧೂ, ಕೊನೆಗೆ ರೆಸಾರ್ಟ್. ಬಾ ಅಟಾಲ್‌ನ ಹಲವು ರೆಸಾರ್ಟ್‌ಗಳು ಧರವಂಧೂ ನಿಲ್ದಾಣದಿಂದಲೇ ಸ್ಪೀಡ್‌ಬೋಟ್‌ನಲ್ಲಿ ಕರೆದೊಯ್ಯುತ್ತವೆ. ಬುಕ್ ಮಾಡುವಾಗ ಅದನ್ನೇ ಕೇಳಿ, ಸೀಪ್ಲೇನ್ ಖರ್ಚು ಉಳಿಯುತ್ತದೆ.