ಕಾಲಂವಾರು ಟೇಬಲ್ ಒಡೆಯಲು ಪಾಂಡಾಸ್ ಹೇಗಿದೆ?

ಟೇಬಲ್‌ಗಳನ್ನು ಸಂಭಾಳಿಸುವ, ಪೈಥಾನ್ ಭಾಷೆಯ ಪಾಂಡಾಸ್ ಲೈಬ್ರರಿ ಉಚಿತ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಅಗಲವಾದ ಟೇಬಲನ್ನು ಕಾಲಂ ಪ್ರಕಾರ ಒಡೆಯಲು ಧಾರಾಳವಾಗಿ ಸಾಕು. ಒಂದೇ ಷರತ್ತು: ಕಾಲಂಗಳನ್ನು ಹೆಸರು ಹಿಡಿದು ಒಡೆಯಬೇಕು, ಎಣಿಸಿ ಅಲ್ಲ.

ಬೆಂಗಳೂರಿನ ವಾರ್ಡ್‌ವಾರು ಫೈಲೊಂದರಲ್ಲಿ 28 ಕಾಲಂ ಇವೆ ಎಂದುಕೊಳ್ಳಿ. ವಾರ್ಡ್ ಸಂಖ್ಯೆ, ಹೆಸರು, ವಲಯ ಮೊದಲ 3. ಆಮೇಲೆ ‘ಮಳೆ_ಜನವರಿ’ಯಿಂದ 12, ‘ನೀರು_ಜನವರಿ’ಯಿಂದ 12, ಕಡೆಗೆ ‘ಮಳೆನೀರು_ಕೊಯ್ಲು’. ಕಾಲಂಗಳನ್ನು ಸೊನ್ನೆಯಿಂದ ಎಣಿಸಿ ಆರಿಸುವ ಐಲೊಕ್‌ಗೆ 3:15 ಕೊಟ್ಟರೆ ಮಳೆಯ 12 ಕಾಲಂ ಬರುತ್ತವೆ. ಕೊನೆಯ ಅಂಕೆ ಲೆಕ್ಕಕ್ಕಿಲ್ಲ. ಹೆಸರಿನಿಂದ ಆರಿಸುವ ಲೊಕ್‌ಗೆ ಮೊದಲ, ಕೊನೆಯ ಕಾಲಂ ಹೆಸರು ಕೊಟ್ಟರೆ ಎರಡೂ ತುದಿ ಸೇರುತ್ತವೆ. ಯಾರಾದರೂ ವಲಯ, ಮಳೆಯ ನಡುವೆ ‘ವಿಸ್ತೀರ್ಣ’ ಎಂಬ ಕಾಲಂ ತುರುಕಿದರೆ ಐಲೊಕ್ ತುಟಿಪಿಟಕ್ಕೆನ್ನದೆ ಅದನ್ನೂ ಮಳೆಗೆ ಸೇರಿಸಿ ಡಿಸೆಂಬರ್ ಅನ್ನು ಕೈಬಿಡುತ್ತದೆ. ಅಂಕೆಗಳ ಲೈಬ್ರರಿ ನಂಪೈಯ, ಪಟ್ಟಿಯನ್ನು ಸಮಪಾಲು ಮಾಡುವ ಅರೇ ಸ್ಪ್ಲಿಟ್ ಇನ್ನೂ ಅಪಾಯ: ಉಳಿದ 25 ಕಾಲಂ ಹೆಸರುಗಳನ್ನು ಎರಡು ಪಾಲು ಮಾಡಿ ಎಂದರೆ 13, 12 ಎಂದು ಹಂಚಿ, ‘ನೀರು_ಜನವರಿ’ಯನ್ನು ಮಳೆಯ ಗುಂಪಿಗೆ ತಳ್ಳುತ್ತದೆ.

ಇಲ್ಲಿ ಕೈಹಿಡಿಯುವುದು ಹೆಸರು ನೋಡಿ ಕಾಲಂ ಆರಿಸುವ ಫಿಲ್ಟರ್. ಆದರೆ ಅದರ ಲೈಕ್‌ಗೆ (ಹೆಸರಿನಲ್ಲಿ ಎಲ್ಲಿದ್ದರೂ ಹುಡುಕುವ ಆಯ್ಕೆ) ಬರೀ ‘ಮಳೆ’ ಎಂದು ಕೊಡಬೇಡಿ, ‘ಮಳೆನೀರು_ಕೊಯ್ಲು’ ಕೂಡ ಬಂದುಬಿಡುತ್ತದೆ. ರೆಜೆಕ್ಸ್‌ನಲ್ಲಿ (ಮಾದರಿ ಕೊಟ್ಟು ಹುಡುಕುವ ಆಯ್ಕೆ) ‘^ಮಳೆ_’, ಅಂದರೆ ‘ಮಳೆ_’ಯಿಂದ ಶುರುವಾಗುವುದು, ಎಂದು ಬರೆದರೆ ಸರಿಯಾದ 12 ಮಾತ್ರ ಸಿಗುತ್ತವೆ.

ಕನ್ನಡ ಹೆಸರುಗಳಲ್ಲಿ ಇನ್ನೊಂದು ಗಂಟಿದೆ. ‘ಕೊ’ದ ಒ-ಕಾರ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ಬಿಡಿ ಸಂಕೇತಗಳಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಪಾಂಡಾಸ್ ಮಾತ್ರ ಆ ಹೆಸರಿನ ಕಾಲಂ ಇಲ್ಲ ಎಂದು ಕೀ ಎರರ್ ಕೊಡುತ್ತದೆ. ಫೈಲ್ ಓದಿದ ಕೂಡಲೇ ಕಾಲಂ ಹೆಸರುಗಳಿಗೆ ಎನ್‌ಎಫ್‌ಸಿ ನಾರ್ಮಲೈಸ್ (ಬಿಡಿ ಸಂಕೇತಗಳನ್ನು ಒಂದೇ ಸಂಕೇತ ಮಾಡುವುದು) ಮಾಡಿ, ಅಕ್ಕಪಕ್ಕದ ಖಾಲಿ ಜಾಗವನ್ನು ಸ್ಟ್ರಿಪ್‌ನಿಂದ ತೆಗೆಯಿರಿ.

ಒಡೆದ ಪ್ರತಿ ತುಂಡಿನಲ್ಲೂ ಕೀ ಕಾಲಂ, ಅಂದರೆ ಸಾಲನ್ನು ಗುರುತಿಸುವ ಕಾಲಂ, ಇರಲೇಬೇಕು. ವಾರ್ಡ್ ಹೆಸರನ್ನು ಕೀ ಮಾಡಬೇಡಿ, ಕಾಗುಣಿತ ಒಂದೊಂದು ಕಡೆ ಒಂದೊಂದು ಥರ. ಸಂಖ್ಯೆಯೊಂದೇ ಕೂಡ ಸಾಲದು: 198 ಇದ್ದ ವಾರ್ಡ್‌ಗಳು 2022ರಲ್ಲಿ 243, 2023ರಲ್ಲಿ 225 ಆದವು. ಬೇರೆ ಬೇರೆ ವರ್ಷದ ಫೈಲ್‌ಗಳಿದ್ದರೆ ಯಾವ ವರ್ಷದ ವಾರ್ಡ್ ವಿಂಗಡಣೆ ಎಂಬುದೂ ಕೀ ಜೊತೆ ಹೋಗಲಿ. ಕೀ ಇಲ್ಲದ ತುಂಡನ್ನು ಸಾರ್ಟ್ ಮಾಡಿ, ಇಂಡೆಕ್ಸ್ (ಸಾಲಿನ ಕ್ರಮಸಂಖ್ಯೆ) ರೀಸೆಟ್ ಮಾಡಿ, ಆಮೇಲೆ ಕಾನ್‌ಕ್ಯಾಟ್‌ನಿಂದ ಪಕ್ಕಕ್ಕೆ ಜೋಡಿಸಿದರೆ ಒಂದು ವಾರ್ಡಿನ ಮಳೆ ಇನ್ನೊಂದರ ಲೆಕ್ಕಕ್ಕೆ ಬೀಳುತ್ತದೆ, ಎರರ್ ಬರುವುದೇ ಇಲ್ಲ. ಕೀ ನೋಡಿ ಜೋಡಿಸುವ ಮರ್ಜ್ ಬಳಸಿ, ಅದರ ವ್ಯಾಲಿಡೇಟ್‌ಗೆ ಒನ್-ಟು-ಒನ್ ಕೊಡಿ. ಕೀ ಎರಡು ಸಲ ಬಂದಿದ್ದರೆ ಅಲ್ಲೇ ನಿಲ್ಲುತ್ತದೆ.

ಬೇಸರದ ಸಂಗತಿಯೂ ಇದೆ. ಕಾಲಂಗಳನ್ನೇ ಗುಂಪು ಮಾಡುತ್ತಿದ್ದ ಗ್ರೂಪ್‌ಬೈ ಆಕ್ಸಿಸ್ 1 ಅನ್ನು ಪಾಂಡಾಸ್ 2.1 ಆವೃತ್ತಿಯಿಂದಲೇ ಕೈಬಿಡಲು ಶುರುಮಾಡಿದರು. ಬದಲಿಗೆ ಟೇಬಲನ್ನು ಟ್ರಾನ್ಸ್‌ಪೋಸ್ (ಸಾಲು, ಕಾಲಂ ಅದಲುಬದಲು) ಮಾಡಿದರೆ, ಅಂಕೆ, ಅಕ್ಷರ ಬೆರೆತು ಎಲ್ಲವೂ ಆಬ್ಜೆಕ್ಟ್ ಎಂಬ ಬೆರಕೆ ಬಗೆ ಆಗುತ್ತವೆ. ಅದಕ್ಕಿಂತ ಡಿಕ್ಷನರಿಯಲ್ಲಿ ಗುಂಪಿನ ಹೆಸರಿಗೊಂದು ಕಾಲಂ ಪಟ್ಟಿ ಇಟ್ಟು ಲೂಪ್ ಓಡಿಸುವುದೇ ವಾಸಿ. 3.0ಕ್ಕಿಂತ ಹಳೆಯ ಆವೃತ್ತಿಯಾದರೆ ಪ್ರತಿ ತುಂಡಿಗೂ ಕಾಪಿ ಸೇರಿಸಿ, ಇಲ್ಲವಾದರೆ ತಿದ್ದುವಾಗ ವಾರ್ನಿಂಗ್ ಕಾಡುತ್ತದೆ.

ಫೈಲ್ ದೊಡ್ಡದಾಗಿದ್ದು ಒಂದೇ ತುಂಡು ಬೇಕಿದ್ದರೆ ಪೂರ್ತಿ ಓದಬೇಡಿ, ಬೇಕಾದ ಕಾಲಂ ಮಾತ್ರ ಓದುವ ಯೂಸ್‌ಕಾಲ್ಸ್ ಸಾಕು. ಸಿಎಸ್‌ವಿ ಉಳಿಸುವಾಗ ಇಂಡೆಕ್ಸ್ ಫಾಲ್ಸ್ ಮಾಡಿ, ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಇರಲಿ. ಆಗ ಎಕ್ಸೆಲ್‌ನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.