ಆಟಿಕ್ ಇನ್ಸುಲೇಶನ್ ಮಾಡಿಸೋರು ಸಹಿ ಹಾಕೋ ಮುಂಚೆ ಇದನ್ನ ಓದಿ

ಅಮೆರಿಕದಲ್ಲಿ ಮನೆ ತಗೊಂಡಿರೋರಿಗೆ, ಅದರಲ್ಲೂ ಹಳೇ ಮನೆ ತಗೊಂಡಿರೋರಿಗೆ ಇದು. ಆಟಿಕ್ ಅಂದ್ರೆ ಛಾವಣಿ ಕೆಳಗಿನ ಖಾಲಿ ಜಾಗ, ಇನ್ಸುಲೇಶನ್ ಅಂದ್ರೆ ಚಳಿ, ಸೆಕೆ ಒಳಗೆ ಬರದ ಹಾಗೆ ಅಲ್ಲಿ ತುಂಬೋ ಪದಾರ್ಥ. ಬಾಗಿಲು ತಟ್ಟಿ "ನಿಮ್ಮ ಆಟಿಕ್ ಫ್ರೀಯಾಗಿ ನೋಡಿ ಹೇಳ್ತೀವಿ" ಅಂತ ಬರೋರನ್ನ ಒಳಗೆ ಬಿಡೋ ಮುಂಚೆ ಓದಿ. 1,200 ಡಾಲರ್ ವಾಪಸ್ ಬರತ್ತೆ ಅಂತ ಬಾಯಲ್ಲಿ ಹೇಳಿ, ಕಾಗದದಲ್ಲಿ ಎಲ್ಲೂ ಬರೆಯದೆ ನಮಗೆ ನಾಮ ಹಾಕಿ ಹೋದರು.

2025ರ ಕೊನೇಲಿ ಆಗಿದ್ದು. ಫೆಡರಲ್ ಟ್ಯಾಕ್ಸ್ ಕ್ರೆಡಿಟ್ (ಇಂಥ ಕೆಲಸ ಮಾಡಿಸಿದ್ರೆ ಕೇಂದ್ರ ಸರ್ಕಾರ ನಮ್ಮ ತೆರಿಗೆಯಲ್ಲಿ ಕೊಡ್ತಿದ್ದ ಕಡಿತ) ಡಿಸೆಂಬರ್ 31ಕ್ಕೆ ಮುಗಿಯತ್ತೆ ಅಂತ ಜುಲೈನಲ್ಲಿ ಬಂದ ಕಾನೂನಲ್ಲೇ ಇತ್ತು. ಆ ಸೇಲ್ಸ್‌ನವನು ಹೇಳಿದ್ದರಲ್ಲಿ ನಿಜ ಅಂತ ಇದ್ದದ್ದು ಇದೊಂದೇ, ಅದನ್ನೇ ಹಿಡ್ಕೊಂಡು ಅವಸರ ಮಾಡಿದ. ಟ್ಯಾಬ್ಲೆಟ್ ಮೇಲೆ ಲೆಕ್ಕ ತೋರಿಸಿದ: ಒಟ್ಟು 6,000, ಅದರ 30 ಪರ್ಸೆಂಟ್ ಅಂದ್ರೆ 1,800, ಮಿತಿ 1,200 ಇರೋದ್ರಿಂದ ನಿಮಗೆ 1,200 ಗ್ಯಾರಂಟಿ. "ರಾಜ್ಯದ ರಿಬೇಟ್ ಬೇರೆ ಇದೆ, ಕೆಲಸ ಆದ್ಮೇಲೆ ಅರ್ಜಿ ಹಾಕಿದ್ರಾಯ್ತು." ನನ್ನ ಹೆಂಡತಿ ಕೇಳಿದಳು, ಇದನ್ನೆಲ್ಲ ಬರೆದು ಕೊಡ್ತೀರಾ ಅಂತ. ನಕ್ಕ. "ಮೇಡಂ, ಇದು ಸರ್ಕಾರದ ರೂಲು, ನಾನೇನು ಬರೆದು ಕೊಡೋದು?" ಆ ನಗು ನೆನೆಸ್ಕೊಂಡ್ರೆ ಇವತ್ತಿಗೂ ಮೈ ಉರಿಯತ್ತೆ.

ಟ್ಯಾಕ್ಸ್ ಫೈಲ್ ಮಾಡೋ ಹೊತ್ತಿಗೆ ಗೊತ್ತಾಯ್ತು. ನಮ್ಮ ಟ್ಯಾಕ್ಸ್ ಮಾಡ್ಕೊಡೋರು ಬಿಲ್ ತಿರುವಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಮೆಟೀರಿಯಲ್ ಎಷ್ಟು, ಲೇಬರ್ ಎಷ್ಟು?" ಬಿಲ್‌ನಲ್ಲಿ ಇದ್ದದ್ದೇ ಒಂದು ಸಾಲು. ಆಟಿಕ್ ಇನ್ಸುಲೇಶನ್, 6,000. ಇನ್ಸುಲೇಶನ್‌ಗೆ ಆ ಕ್ರೆಡಿಟ್ ಸಿಗ್ತಿದ್ದದ್ದು ಮೆಟೀರಿಯಲ್ ದುಡ್ಡಿಗೆ ಮಾತ್ರ, ಲೇಬರ್‌ಗೆ ಇರಲಿಲ್ಲ. ಹೀಟ್ ಪಂಪ್ (ಮನೆ ಬಿಸಿ, ತಂಪು ಮಾಡೋ ಯಂತ್ರ) ಆಗಿದ್ರೆ ಲೇಬರ್ ಸೇರ್ತಿತ್ತು, ಇದಕ್ಕೆ ಸೇರ್ತಿರಲಿಲ್ಲ. ಅವರು ಸಮಾಧಾನವಾಗೇ ಹೇಳಿದ್ರು, ನನಗೆ ಮಾತ್ರ ತಲೆ ಎತ್ತೋಕೆ ಆಗಲಿಲ್ಲ, ಪಕ್ಕದಲ್ಲೇ ಹೆಂಡತಿ ಕೂತಿದ್ದಳು.

ಕಂಪನಿಗೆ ಫೋನ್ ಮಾಡಿದೆ. "ಸರ್, ನಾವು ಇನ್ಸುಲೇಶನ್ ಕಂಪನಿ, ಟ್ಯಾಕ್ಸ್ ಸಲಹೆಗಾರರಲ್ಲ." ಹಾಗಾದ್ರೆ ಟ್ಯಾಬ್ಲೆಟ್‌ನಲ್ಲಿ ತೋರಿಸಿದ ಲೆಕ್ಕ? "ಅದು ಅಂದಾಜು ಸರ್." ಗ್ಯಾರಂಟಿ ಅಂದ್ರಲ್ಲ? "ಆ ಹುಡುಗ ಈಗ ನಮ್ಮಲ್ಲಿಲ್ಲ ಸರ್." ಹುಡುಗ ಇಲ್ಲ, ದುಡ್ಡು ಮಾತ್ರ ಇದೆ ನಿಮ್ಮ ಹತ್ರ! ಕಾಡಿ ಬೇಡಿ ಕೊನೆಗೆ ಬಿಲ್ ಬಿಡಿಸಿ ಕಳಿಸಿದ್ರು: ಮೆಟೀರಿಯಲ್ 1,700. ಅದರ 30 ಪರ್ಸೆಂಟ್ 510. ಹನ್ನೆರಡು ನೂರು ಅಂದಿದ್ದು ಐನೂರ ಹತ್ತಕ್ಕೆ ಬಂತು.

ರಾಜ್ಯದ ರಿಬೇಟ್ ಅಂತೂ ಸೊನ್ನೆ. ಕೆಲಸ ಶುರು ಮಾಡೋ ಮುಂಚೆ ರಿಬೇಟ್ ಕೊಡೋರ ಕಡೆಯವರು ಮನೆ ನೋಡಿ ಒಪ್ಪಿಗೆ ಕೊಡಬೇಕಿತ್ತಂತೆ. "ಈಗಾಗಲೇ ಮುಗಿದಿದ್ಯಲ್ಲಾ" ಅಂದ್ರು.

ಸಿಟ್ಟಲ್ಲಿ ಸ್ಕೇಲ್ ಹಿಡ್ಕೊಂಡು ಆಟಿಕ್ ಹತ್ತಿದೆ. ಕಾಂಟ್ರಾಕ್ಟ್‌ನಲ್ಲಿ ಆರ್-49 ಅಂತ ಇದೆ (ಆರ್ ಅಂದ್ರೆ ಶಾಖವನ್ನ ಎಷ್ಟು ತಡೆಯತ್ತೆ ಅನ್ನೋ ಅಳತೆ). ನಮಗೆ ಹಾಕಿದ್ದು ಸೆಲ್ಯುಲೋಸ್, ಮೂಟೆಯಲ್ಲಿ ಬರೋ ಕಾಗದದ ನಾರು; ಅದಕ್ಕೆ ಇಂಚಿಗೆ ಸುಮಾರು ಆರ್-3.5 ಅಂದ್ರೂ 14 ಇಂಚು ಬೇಕು. ಎಷ್ಟೋ ಕಡೆ 9 ಇಂಚೂ ದಾಟಲಿಲ್ಲ. ಕೇಳಿದ್ರೆ "ಕಾಲಕ್ರಮೇಣ ಕೂತ್ಕೊಳತ್ತೆ ಸರ್, ನಾರ್ಮಲ್." ಅಲ್ರೀ, ಮೂಟೆ ಮೇಲೆ ಅಚ್ಚು ಹಾಕಿರೋ ಆರ್ ಲೆಕ್ಕ ಕೂತ್ಕೊಂಡ ಮೇಲಿನ ದಪ್ಪಕ್ಕೇ! ಎಷ್ಟು ಮೂಟೆ ಹಾಕಿದ್ರಿ ಅಂದ್ರೆ "ರೆಕಾರ್ಡ್ ಇಲ್ಲ." ಫೆಡರಲ್ ಟ್ರೇಡ್ ಕಮಿಷನ್ ನಿಯಮದ ಪ್ರಕಾರ ಇಂಥ ಉದುರು ಇನ್ಸುಲೇಶನ್ ತುಂಬಿಸಿದವರು ಎಷ್ಟು ಜಾಗ, ಎಷ್ಟು ದಪ್ಪ, ಎಷ್ಟು ಮೂಟೆ, ಎಷ್ಟು ಆರ್ ಅಂತ ಬರೆದು, ಸಹಿ ಮಾಡಿ ರಸೀದಿ ಕೊಡಲೇಬೇಕು. ಇವರಿಗೆ ರೆಕಾರ್ಡ್ ಇಲ್ಲವಂತೆ! ಬಾತ್‌ರೂಮ್ ಫ್ಯಾನಿನ ಪೈಪು ಬೇರೆ ಹೊರಗೆ ಹೋಗದೆ ಆಟಿಕ್‌ನಲ್ಲೇ ಬಾಯಿ ತೆರ್ಕೊಂಡಿದೆ, ಅದರ ಮೇಲೇ ತುಂಬಿ ಹೋಗಿದ್ದಾರೆ. ಸೂರಂಚಿನ ಗಾಳಿಕಿಂಡಿಗಳೂ ಮುಚ್ಚಿವೆ. ಒಳಗೆ ತೇವ ನಿಂತು ಹಲಗೆ ಬೂಷ್ಟು ಹಿಡಿದ್ರೆ ಆ ಖರ್ಚು ಯಾರದು?

ಇನ್‌ಸ್ಪೆಕ್ಟರ್ ಬಂದಿದ್ರೆ ಇದೆಲ್ಲ ಕಣ್ಣಿಗೆ ಬೀಳ್ತಿತ್ತು. ಪರ್ಮಿಟ್ ಬೇಡವಾ ಅಂತ ಮೊದಲೇ ಕೇಳಿದ್ದೆ. "ಇಷ್ಟು ಚಿಕ್ಕ ಕೆಲಸಕ್ಕೆ ಬೇಡ, ಬೇಕಿದ್ರೆ ನಿಮ್ಮ ಹೆಸರಲ್ಲಿ ತಗೊಳ್ಳಿ" ಅಂದಿದ್ದ. ಊರೂರಿಗೂ ನಿಯಮ ಬೇರೆ, ನಮ್ಮಲ್ಲಿ ಬೇಕೇ ಬೇಕಿತ್ತು. ಮನೆಯವರ ಹೆಸರಲ್ಲಿ ತಗೊಳ್ಳಿ ಅಂತಾರೆ ಅಂದ್ರೆ ಹೊಣೆ ನಮ್ಮ ತಲೆಗೆ ಕಟ್ತಾ ಇದ್ದಾರೆ ಅಂತ ತಿಳ್ಕೊಳ್ಳಿ. ಬಿಲ್ಡಿಂಗ್ ಡಿಪಾರ್ಟ್‌ಮೆಂಟ್‌ಗೆ ನೀವೇ ಫೋನ್ ಮಾಡಿ ಕೇಳಿ, ಇವರ ಬಾಯಿಮಾತು ನಂಬಬೇಡಿ.

ಈಗಲೂ ಯಾರಾದ್ರೂ ಆ ಫೆಡರಲ್ ಕ್ರೆಡಿಟ್ ಹೆಸರು ಹೇಳ್ಕೊಂಡು ಮೂಗಿಗೆ ತುಪ್ಪ ಸವರೋಕೆ ಬಂದ್ರೆ ಬಾಗಿಲು ಹಾಕ್ಕೊಳ್ಳಿ, 2026ರಲ್ಲಿ ಮಾಡಿಸಿದ ಕೆಲಸಕ್ಕೆ ಅದು ಇಲ್ಲವೇ ಇಲ್ಲ. ಮನೆಗೆ ಬಂದು ಸಹಿ ಹಾಕಿಸ್ಕೊಂಡ ಕಾಂಟ್ರಾಕ್ಟನ್ನ ಸಾಮಾನ್ಯವಾಗಿ ಸಹಿ ಹಾಕಿದ ಮೇಲಿನ ಮೂರನೇ ಕೆಲಸದ ದಿನದ ಮಧ್ಯರಾತ್ರಿವರೆಗೆ ರದ್ದು ಮಾಡಬಹುದು, ಅದರ ಫಾರಂ ಅವರೇ ಕೊಡಬೇಕು. ನಮಗೆ ಕೊಡಲಿಲ್ಲ. ಮೆಟೀರಿಯಲ್, ಲೇಬರ್ ಬೇರೆ ಬೇರೆ ಬರೆಸಿ. ಆಟಿಕ್ ಹತ್ತಿ ಅಳೆಯೋವರೆಗೂ ಕೊನೇ ಕಂತು ಕೊಡಬೇಡಿ, ಎಷ್ಟೇ ಸರ್ ಸರ್ ಅಂದ್ರೂ.

ರಾಜ್ಯದ ಗ್ರಾಹಕ ದೂರು ವಿಭಾಗಕ್ಕೆ ಫೋಟೋ ಸಮೇತ ಬರೆದಿದ್ದೀನಿ. ನಿಮ್ಮಲ್ಲಿ ಯಾರಿಗಾದ್ರೂ ಮೂಟೆ ಲೆಕ್ಕ ಕೊಡದ ಕಾಂಟ್ರಾಕ್ಟರ್ ಕೈಯಿಂದ ದುಡ್ಡು ವಾಪಸ್ ಬಂದಿದ್ರೆ ಹೇಗೆ ವಸೂಲಿ ಮಾಡಿದ್ರಿ ಅಂತ ದಯವಿಟ್ಟು ಹೇಳಿ.