ಓಪನ್‌ಲಾಗ್: ಕಾರ್ಡ್ ಕೀಳದೆಯೇ ಫೈಲ್ ನೋಡಬಹುದು

ಸ್ಪಾರ್ಕ್‌ಫನ್‌ನವರ ಓಪನ್‌ಲಾಗ್ ಬೋರ್ಡ್ (ಬೇರೆ ಬೋರ್ಡ್ ವೈರಿನ ಮೂಲಕ ಕಳಿಸುವ ಮಾಹಿತಿಯನ್ನು ಮೆಮೊರಿ ಕಾರ್ಡಿಗೆ ಬರೆದಿಡುವ ಪುಟ್ಟ ಸಾಧನ) ತಗೊಳ್ಳಬೇಕಾ ಬೇಡವಾ ಎಂದು ಕೇಳಿದರೆ, ಮೆಮೊರಿ ಕಾರ್ಡನ್ನು ಪದೇ ಪದೇ ಹೊರಗೆ ತೆಗೆಯಲು ಆಗದ ಜಾಗದಲ್ಲಿ ಇಡುವುದಾದರೆ ಖಂಡಿತ ತಗೊಳ್ಳಿ ಎನ್ನುತ್ತೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮಾಮೂಲಿ ಎಸ್‌ಡಿ ಕಾರ್ಡ್ ಮಾಡ್ಯೂಲ್ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ, ನಿಜ. ಆದರೆ ಅದರ ಲೈಬ್ರರಿ 512 ಬೈಟ್‌ನ ಬಫರ್ (ಬರೆಯುವ ಮೊದಲು ಮಾಹಿತಿ ಹಿಡಿದಿಡುವ ಜಾಗ) ಇಟ್ಟುಕೊಳ್ಳುತ್ತದೆ, ಆರ್ಡುಯಿನೊ ಊನೊ ಎಂಬ, ನಾವೇ ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡಿನಲ್ಲಿ ಇರುವುದೇ 2 ಕೆಬಿ ರ‍್ಯಾಮ್. ಓಪನ್‌ಲಾಗ್‌ನಲ್ಲಿ ಅದರದ್ದೇ ಎಟಿಮೆಗಾ328 ಚಿಪ್ ಇರುವುದರಿಂದ ಆ ಭಾರ ನಮ್ಮ ಬೋರ್ಡಿನ ಮೇಲೆ ಬೀಳುವುದಿಲ್ಲ. ಸೀರಿಯಲ್‌ನಲ್ಲಿ (ಅಕ್ಷರಗಳು ಒಂದರ ಹಿಂದೆ ಒಂದು ಹೋಗುವ ವೈರಿನಲ್ಲಿ) ಏನು ಕಳಿಸಿದರೂ ಸುಮ್ನೆ ಬರೆದುಕೊಳ್ಳುತ್ತದೆ.

ನಾನು ಬಳಸುವುದು ಮನೆಯ ಸಂಪ್‌ಗೆ ಕಾವೇರಿ ನೀರು ಯಾವಾಗ ಬಂತು, ಎಷ್ಟು ತುಂಬಿತು ಎಂದು ದಾಖಲಿಸಲು. ಮಳೆ ನೀರು ಇಳಿಯದಂತೆ ಪೆಟ್ಟಿಗೆಗೆ ಸಿಲಿಕೋನ್ ಅಂಟು ಹಾಕಿ ಮುಚ್ಚಿ, ಸೀರಿಯಲ್ ವೈರ್ ಮಾತ್ರ ಹೊರಗೆ ಬಿಟ್ಟಿದ್ದೇನೆ. ಆರ್ಡುಯಿನೊ ಕಡೆಯ ವೈರ್ ಬಿಡಿಸಿ ಯುಎಸ್‌ಬಿ ಸೀರಿಯಲ್ ಕೇಬಲ್ ಸಿಕ್ಕಿಸಿ, ಕಂಟ್ರೋಲ್-ಝಡ್ ಮೂರು ಸಲ ಒತ್ತಿದರೆ '>' ಗುರುತು ಬರುತ್ತದೆ, ಅಂದರೆ ಬೋರ್ಡು ನಮ್ಮ ಆಜ್ಞೆ ಕೇಳುವ ಕಮಾಂಡ್ ಮೋಡ್‌ಗೆ ಬಂತು. ಅಲ್ಲಿಂದ ಮುಂದೆ ಲಿನಕ್ಸ್ ಅಥವಾ ಡಾಸ್ ಬಳಸಿದವರಿಗೆ ಬಹುತೇಕ ಗೊತ್ತಿರುವುದೇ: ಎಲ್‌ಎಸ್ ಎಂದರೆ ಫೈಲ್‌ಗಳ ಪಟ್ಟಿ, ಆರ್‌ಎಂ ಎಂದರೆ ಅಳಿಸು, ಎಂಡಿ ಎಂದರೆ ಹೊಸ ಫೋಲ್ಡರ್. ಆರ್ಡುಯಿನೊ ಸೀರಿಯಲ್ ಮಾನಿಟರ್‌ನಲ್ಲಿ ಕಂಟ್ರೋಲ್-ಝಡ್ ಹೋಗುವುದಿಲ್ಲ, ಟೆರಾ ಟರ್ಮ್ ಅಥವಾ ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮ್ ಬಳಸಿ.

ದೊಡ್ಡ ಫೈಲ್ ಇದ್ದರೆ ತಾಳ್ಮೆ ಬೇಕು. 9600 ಬಾಡ್‌ನಲ್ಲಿ (ಬಾಡ್ ಅಂದರೆ ಸೀರಿಯಲ್ ವೇಗದ ಅಳತೆ) ಸೆಕೆಂಡಿಗೆ ಸುಮಾರು 960 ಅಕ್ಷರ ಬರುತ್ತವೆ, ಅಂದರೆ 1 ಎಂಬಿ ಫೈಲ್ ಓದಲು ಹತ್ತಿರಹತ್ತಿರ 18 ನಿಮಿಷ. ಅದಕ್ಕೇ ಮೊದಲು ಸೈಜ್ ಕೇಳಿ, ಆಮೇಲೆ ರೀಡ್ ಕಮಾಂಡಿಗೆ ಫೈಲ್ ಹೆಸರಿನ ಜೊತೆ ಎಲ್ಲಿಂದ, ಎಷ್ಟು ಅಕ್ಷರ ಎಂದೂ ಹೇಳಿ, ನಿನ್ನೆ ಮೊನ್ನೆಯ ಸಾಲುಗಳನ್ನಷ್ಟೇ ತರಿಸಿಕೊಳ್ಳುವುದು ಒಳ್ಳೆಯದು. ನನಗೆ ಈ ಬೋರ್ಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದೇ ಇದು. ಕಾರ್ಡಿನಲ್ಲಿರುವ ಕಾನ್ಫಿಗ್ ಫೈಲಿನ ಮೊದಲ ಸಂಖ್ಯೆ ಬದಲಿಸಿ 115200 ಮಾಡಿದರೆ ಅದೇ 1 ಎಂಬಿ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಆರ್ಡುಯಿನೊ ಪ್ರೋಗ್ರಾಮಿನಲ್ಲೂ ಅದೇ ವೇಗ ಹಾಕಬೇಕು, ಅಷ್ಟೇ.

ಕೊರತೆ ಇಲ್ಲವೇ? ಇದೆ. ಬೋರ್ಡಿನಲ್ಲಿ ಗಡಿಯಾರ ಇಲ್ಲ, ಹಾಗಾಗಿ ಫೈಲಿನ ದಿನಾಂಕ ನಂಬುವ ಹಾಗಿಲ್ಲ. ಸಮಯವನ್ನು ನಾವೇ ಪ್ರತಿ ಸಾಲಿನಲ್ಲೂ ಕಳಿಸಬೇಕು, ಅದಕ್ಕೆ ಬೇರೆ ಆರ್‌ಟಿಸಿ (ಸಮಯ ಹೇಳುವ ಗಡಿಯಾರ) ಮಾಡ್ಯೂಲ್ ಖರ್ಚು. ಫೈಲ್ ಹೆಸರು ಎಂಟು ಅಕ್ಷರ, ಚುಕ್ಕೆಯ ನಂತರ ಮೂರು, ಅದಕ್ಕಿಂತ ಉದ್ದ ಇಡಲು ಬರುವುದಿಲ್ಲ. ಕರೆಂಟ್ ಹೋದಾಗ ಕಾರ್ಡಿಗೆ ಇನ್ನೂ ಇಳಿಯದ ಕೊನೆಯ ಸಾಲುಗಳು ಹೋಗಿಬಿಡಬಹುದು, ಒಂದು ಬ್ಯಾಟರಿ ಕೊಡಿ.

ಇನ್ನೊಂದು ಮಾತು. ಫೈಲ್ ನೋಡಿ ಮುಗಿದ ಮೇಲೆ ರೀಸೆಟ್ ಎಂದು ಟೈಪ್ ಮಾಡಿಯೇ ಕೇಬಲ್ ತೆಗೆಯಿರಿ. ಇಲ್ಲದಿದ್ದರೆ ಅದು ಕಮಾಂಡ್ ಮೋಡ್‌ನಲ್ಲೇ ಕೂತಿರುತ್ತದೆ, ಆರ್ಡುಯಿನೊ ಕಳಿಸಿದ್ದನ್ನೆಲ್ಲ ಕಮಾಂಡ್ ಎಂದೇ ತಿಳಿದು ಒಂದು ಸಾಲನ್ನೂ ಬರೆದುಕೊಳ್ಳುವುದಿಲ್ಲ.